ಚಿನ್ನ ತೂಗುವುದು ಹೇಗೆ: ಅಳತೆ, ತಕ್ಕಡಿ ಮತ್ತು ಶುದ್ಧತೆಯ ಲೆಕ್ಕ

ಚಿನ್ನವನ್ನು ಅಳೆಯಲು ಎರಡು ಅಂಕಿ ಬೇಕು. ಕೈಲಿರುವ ವಸ್ತು ಎಷ್ಟು ತೂಗುತ್ತದೆ ಎಂಬುದು ಒಂದು. ಆ ತೂಕದಲ್ಲಿ ಚಿನ್ನದ ಪಾಲು ಎಷ್ಟು ಎಂಬುದು ಇನ್ನೊಂದು. ಎರಡನ್ನೂ ಗುಣಿಸಿದರೆ ಚೊಕ್ಕ ಚಿನ್ನದ ತೂಕ ಸಿಗುತ್ತದೆ. ಬೆಲೆ ಕಟ್ಟುವುದು, ಅದಲುಬದಲು ಮಾಡುವುದು, ಎರಡು ಒಡವೆಗಳನ್ನು ಹೋಲಿಸುವುದು ಎಲ್ಲವೂ ನಿಂತಿರುವುದು ಈ ಗುಣಲಬ್ಧದ ಮೇಲೆ. ತಕ್ಕಡಿಯ ಮೂರನೇ ದಶಮಾಂಶಕ್ಕೆ ತಲೆಕೆಡಿಸಿಕೊಂಡು, ಒಡವೆಯೊಳಗೆ ಕೂತಿರುವ ಅರಗನ್ನೋ ಹರಳನ್ನೋ ಮರೆತುಬಿಡುವವರೇ ಹೆಚ್ಚು. ದೊಡ್ಡ ನಷ್ಟ ಆಗುವುದು ದಶಮಾಂಶದಲ್ಲಲ್ಲ. ಅಳತೆಯ ಹೆಸರು ತಪ್ಪಿದಾಗ, ಶುದ್ಧತೆ ತಪ್ಪಿದಾಗ, ಕಳೆಯಬೇಕಾದ್ದನ್ನು ಕಳೆಯದೆ ಬಿಟ್ಟಾಗ.

ಅಳತೆಯ ಹೆಸರು ಮೊದಲು

ಗ್ರಾಂನಲ್ಲಿ ಗೊಂದಲವಿಲ್ಲ. ಗೊಂದಲವೆಲ್ಲ ಔನ್ಸ್‌ನದು. ಜಾಗತಿಕ ಚಿನ್ನದ ವ್ಯವಹಾರ ನಡೆಯುವುದು ಟ್ರಾಯ್ ಔನ್ಸ್‌ನಲ್ಲಿ, ಅಂದರೆ 31.1034768 ಗ್ರಾಂ. ಅಂಚೆಯ ಅಥವಾ ಅಡುಗೆಮನೆಯ ತಕ್ಕಡಿ ತೋರಿಸುವ ಔನ್ಸ್ ಬೇರೆ, ಅದು 28.3495 ಗ್ರಾಂ. ಮಾಮೂಲಿ ಔನ್ಸ್‌ಗಿಂತ ಟ್ರಾಯ್ ಔನ್ಸ್ ಶೇ. 9.7ರಷ್ಟು ಭಾರ. ಹತ್ತು ಮಾಮೂಲಿ ಔನ್ಸನ್ನು ಹತ್ತು ಟ್ರಾಯ್ ಔನ್ಸ್ ಎಂದು ನಂಬಿದವರಿಗೆ 27.5 ಗ್ರಾಂ ಖೋತಾ. ಪೌಂಡ್‌ಗೆ ಬಂದರೆ ಇದೇ ತಿರುಗುಮುರುಗು: ಟ್ರಾಯ್ ಪೌಂಡ್‌ನಲ್ಲಿ 12 ಔನ್ಸ್ ಮಾತ್ರ, ಹಾಗಾಗಿ ಅದು 373.24 ಗ್ರಾಂ, ಮಾಮೂಲಿ ಪೌಂಡ್ 453.59 ಗ್ರಾಂ. ಎರಡೂ ಪದ್ಧತಿಗೆ ಸಮಾನವಾಗಿರುವುದು ಗ್ರೇನ್ ಒಂದೇ, 64.79891 ಮಿಲಿಗ್ರಾಂ. ಟ್ರಾಯ್ ಔನ್ಸ್‌ಗೆ 480 ಗ್ರೇನ್, ಮಾಮೂಲಿ ಔನ್ಸ್‌ಗೆ 437.5. ಪೆನ್ನಿವೇಟ್ ಎಂಬ ಅಳತೆ 24 ಗ್ರೇನ್, ಅಂದರೆ 1.555 ಗ್ರಾಂ, ಇಪ್ಪತ್ತು ಸೇರಿದರೆ ಒಂದು ಟ್ರಾಯ್ ಔನ್ಸ್.

ತೊಲ ಎಂದರೆ 180 ಗ್ರೇನ್, 11.6638 ಗ್ರಾಂ. ಟ್ರಾಯ್ ಔನ್ಸ್‌ನ ಎಂಟನೇ ಮೂರು ಪಾಲು ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸಲೀಸು. ತೊಲಕ್ಕೆ 12 ಮಾಷ, ಮಾಷಕ್ಕೆ 8 ಗುಲಗಂಜಿ. ಹೀಗೆ ಒಂದು ಗುಲಗಂಜಿ ತೂಕ ಸುಮಾರು 0.1215 ಗ್ರಾಂ. ಬಾಯಿಮಾತಿನಲ್ಲಿ 10 ಗ್ರಾಂಗೂ ತೊಲ ಎನ್ನುವವರಿದ್ದಾರೆ, ಆದ್ದರಿಂದ ‘ಯಾವ ತೊಲ’ ಎಂದು ಕೇಳಿಯೇ ಮುಂದುವರಿಯಿರಿ. ಪವನ್ ಅಥವಾ ಸವರನ್ ಎಂಬ ಲೆಕ್ಕ ಬಂದಿರುವುದು ಬ್ರಿಟಿಷ್ ಸವರನ್ ನಾಣ್ಯದಿಂದ. ನಾಣ್ಯದ ತೂಕ 7.988 ಗ್ರಾಂ, ಮಾತಿನಲ್ಲಿ ಅದು 8 ಗ್ರಾಂ ಆಗಿದೆ. ಹಾಂಗ್‌ಕಾಂಗ್‌ನ ಟೇಲ್ 37.429 ಗ್ರಾಂ, ಜಪಾನಿನ ಮೊಮ್ಮೆ 3.75 ಗ್ರಾಂ. ಥಾಯ್ಲೆಂಡಿನ ಬಾತ್‌ಗೆ ಎರಡು ತೂಕ: ಗಟ್ಟಿಗೆ 15.244, ಒಡವೆಗೆ 15.16 ಗ್ರಾಂ.

ಒಂದು ಪದ್ಧತಿಯಿಂದ ಇನ್ನೊಂದಕ್ಕೆ ನೇರ ಜಿಗಿಯಬೇಡಿ. ಮೊದಲು ಗ್ರಾಂಗೆ ಇಳಿಸಿ, ಅಲ್ಲಿಂದ ಬೇಕಾದ ಅಳತೆಗೆ ಏರಿಸಿ. 2.5 ಟ್ರಾಯ್ ಔನ್ಸ್ 77.759 ಗ್ರಾಂ, ಅದನ್ನು 11.6638ರಿಂದ ಭಾಗಿಸಿದರೆ 6.667 ತೊಲ. ಡಿಜಿಟಲ್ ತಕ್ಕಡಿಯಲ್ಲಿ ಅಳತೆ ಬದಲಿಸುವ ಗುಂಡಿಗೆ ಬೆರಳು ತಗುಲಿ ಪರದೆಯ ಮೂಲೆಯ ಪುಟ್ಟ ಅಕ್ಷರ ಬದಲಾದದ್ದು ಗೊತ್ತೇ ಆಗದಿರಬಹುದು. ಅಂಕಿ ಓದುವ ಮುನ್ನ ಆ ಅಕ್ಷರ ಓದಿ.

ಕ್ಯಾರೆಟ್ ಎಂಬ ಒಂದೇ ಹೆಸರು ಎರಡು ಕೆಲಸ ಮಾಡುತ್ತದೆ. ಹರಳಿಗೆ ಅದು ತೂಕ: 1 ಕ್ಯಾರೆಟ್ ಎಂದರೆ 0.2 ಗ್ರಾಂ, 1907ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಪ್ರಮಾಣ. ಚಿನ್ನಕ್ಕೆ ಅದು ತೂಕವೇ ಅಲ್ಲ, 24 ಪಾಲಿನಲ್ಲಿ ಚಿನ್ನದ ಪಾಲು ಎಷ್ಟು ಎಂಬ ಲೆಕ್ಕ.

ಶುದ್ಧತೆಯ ಅಂಕಿ

22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು, ಸಾವಿರಕ್ಕೆ 916.67. ಒಡವೆಯ ಮೇಲೆ ಒತ್ತುವುದು 916. ಹೀಗೆಯೇ 21ಕ್ಕೆ 875, 18ಕ್ಕೆ 750, 9ಕ್ಕೆ 375. 14 ಕ್ಯಾರೆಟ್ ಲೆಕ್ಕದ ಪ್ರಕಾರ 583.3 ಬರಬೇಕು, ಮುದ್ರೆಯಲ್ಲಿ ಸಾಮಾನ್ಯವಾಗಿ ಕಾಣುವುದು 585. 24 ಕ್ಯಾರೆಟ್ ಎಂದು ಮಾರುವ ಗಟ್ಟಿಗಳ ಮೇಲೆ 995, 999 ಅಥವಾ 999.9 ಇರುತ್ತದೆ, ಪೂರ್ತಿ ಸಾವಿರ ಎಂದು ಯಾರೂ ಒತ್ತುವುದಿಲ್ಲ. ಅಪರಂಜಿಯಲ್ಲೂ ಬೆಳ್ಳಿಯ ಸುಳಿವು ಉಳಿದೇ ಇರುತ್ತದೆ.

ಒಟ್ಟು ತೂಕಕ್ಕೂ ಚೊಕ್ಕ ತೂಕಕ್ಕೂ ಇರುವ ವ್ಯತ್ಯಾಸವನ್ನು ನಾಣ್ಯಗಳಲ್ಲಿ ಚೆನ್ನಾಗಿ ನೋಡಬಹುದು. ದಕ್ಷಿಣ ಆಫ್ರಿಕಾದ ಕ್ರೂಗರ್‌ರ‍್ಯಾಂಡ್ ಮತ್ತು ಕೆನಡಾದ ಮೇಪಲ್ ಲೀಫ್ ಎರಡನ್ನೂ ‘ಒಂದು ಔನ್ಸ್ ನಾಣ್ಯ’ ಎನ್ನುತ್ತಾರೆ. ತಕ್ಕಡಿಯಲ್ಲಿಟ್ಟರೆ ಮೊದಲನೆಯದು 33.93 ಗ್ರಾಂ, ಎರಡನೆಯದು 31.10. ಕ್ರೂಗರ್‌ರ‍್ಯಾಂಡ್ 22 ಕ್ಯಾರೆಟ್‌ನದು, ಉಳಿದ ಪಾಲು ತಾಮ್ರ, 33.93ನ್ನು 0.91667ರಿಂದ ಗುಣಿಸಿದರೆ ಅದೇ 31.10 ಸಿಗುತ್ತದೆ. ಭಾರ ಬೇರೆ, ಚಿನ್ನ ಸಮ.

ಬ್ಯಾಂಕುಗಳ ಭಂಡಾರದಲ್ಲಿರುವ ದೊಡ್ಡ ಗಟ್ಟಿಗಳನ್ನು ‘400 ಔನ್ಸ್’ ಎಂದು ಕರೆದರೂ ಯಾವ ಎರಡು ಗಟ್ಟಿಯ ತೂಕವೂ ಸಮವಿರಬೇಕಿಲ್ಲ. ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್ ನಿಯಮದಂತೆ ಅಂಥ ಗಟ್ಟಿಯಲ್ಲಿ 350ರಿಂದ 430 ಟ್ರಾಯ್ ಔನ್ಸ್ ಚೊಕ್ಕ ಚಿನ್ನವಿರಬೇಕು, ಶುದ್ಧತೆ ಕನಿಷ್ಠ 995. ಒಟ್ಟು ತೂಕವನ್ನು 0.025 ಔನ್ಸ್‌ನ ಹೆಜ್ಜೆಯಲ್ಲಿ, ಯಾವಾಗಲೂ ಕೆಳಕ್ಕೆ ಸರಿಸಿ ಬರೆಯುತ್ತಾರೆ. 401.275 ಔನ್ಸ್ ತೂಗುವ, 995.8 ಶುದ್ಧತೆಯ ಗಟ್ಟಿ ಇದ್ದರೆ ಲೆಕ್ಕಕ್ಕೆ ಹಿಡಿಯುವುದು 399.590 ಔನ್ಸ್.

ತಕ್ಕಡಿ ಆರಿಸುವಾಗ

ಪರದೆ ಎಷ್ಟು ದಶಮಾಂಶ ತೋರಿಸುತ್ತದೆ ಎನ್ನುವುದಕ್ಕೂ ಆ ತಕ್ಕಡಿ ಎಷ್ಟು ಸರಿ ಹೇಳುತ್ತದೆ ಎನ್ನುವುದಕ್ಕೂ ನೇರ ಸಂಬಂಧವಿಲ್ಲ. ತಕ್ಕಡಿಯ ಫಲಕದಲ್ಲಿ ‘ಡಿ’ ಮತ್ತು ‘ಇ’ ಎಂಬ ಎರಡು ಅಂಕಿ ಇರುತ್ತವೆ. ‘ಡಿ’ ಪರದೆಯ ಅಂಕಿ ಬದಲಾಗುವ ಅತಿ ಸಣ್ಣ ಹೆಜ್ಜೆ. ‘ಇ’ ತಪಾಸಣೆಗೆ ಹಿಡಿಯುವ ಹೆಜ್ಜೆ. ಸೂಕ್ಷ್ಮ ತಕ್ಕಡಿಗಳಲ್ಲಿ ‘ಇ’ ಸಾಮಾನ್ಯವಾಗಿ ‘ಡಿ’ಯ ಹತ್ತರಷ್ಟು. 0.001 ಗ್ರಾಂ ತೋರಿಸುವ ತಕ್ಕಡಿಯನ್ನು 0.01ಕ್ಕೆ ಮಾತ್ರ ತಪಾಸಣೆ ಮಾಡಿರಬಹುದು ಎಂದರ್ಥ.

ತೂಗುವ ವಸ್ತುವಿನ ಸಾವಿರದ ಒಂದು ಪಾಲಿಗಿಂತ ದೊಡ್ಡ ಹೆಜ್ಜೆಯ ತಕ್ಕಡಿ ಬೇಡ. 10 ಗ್ರಾಂ ಮೇಲ್ಪಟ್ಟ ಒಡವೆಗೆ 0.01 ಗ್ರಾಂ ತಕ್ಕಡಿ ಸಾಕು. 2 ಗ್ರಾಂ ಮೂಗುತಿ, ಓಲೆಗಳಿಗೆ 0.001 ಬೇಕು. 0.1 ಗ್ರಾಂ ಹೆಜ್ಜೆಯ ತಕ್ಕಡಿಯಲ್ಲಿ 2 ಗ್ರಾಂ ವಸ್ತು ಇಟ್ಟರೆ ಒಂದು ಹೆಜ್ಜೆ ತಪ್ಪಿದರೂ ಶೇ. 5ರ ವ್ಯತ್ಯಾಸ, ಚಿನ್ನಕ್ಕೆ ಅದು ಸಲ್ಲದು.

ತಕ್ಕಡಿಯ ಜೊತೆಗೆ ತೂಕದ ಬಟ್ಟುಗಳೂ ಬೇಕು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 100 ಗ್ರಾಂ ಬಟ್ಟಿಗೆ ಇರುವ ಸಡಿಲ, ಅಂದರೆ ತೂಕ ಎಷ್ಟರವರೆಗೆ ಹೆಚ್ಚುಕಡಿಮೆ ಇರಬಹುದು ಎಂಬ ಮಿತಿ, ಹೀಗಿದೆ: ಎಂ1 ವರ್ಗಕ್ಕೆ 5 ಮಿಲಿಗ್ರಾಂ, ಎಫ್2ಕ್ಕೆ 1.6, ಎಫ್1ಕ್ಕೆ 0.5, ಇ2ಗೆ 0.16. ಬಟ್ಟಿನ ಸಡಿಲ ತಕ್ಕಡಿಯ ಹೆಜ್ಜೆಯ ಮೂರನೇ ಒಂದಕ್ಕಿಂತ ಕಡಿಮೆ ಇರಬೇಕು. 0.01 ಗ್ರಾಂ ತಕ್ಕಡಿಗೆ ಎಂ1 ಸಾಲದು, ಎಫ್2 ಸರಿ.

ತೂಗುವ ಕ್ರಮ

1. ಜಾಗ. ಅಲುಗಾಡದ ಮೇಜು, ಆದರೆ ಕಲ್ಲಿನ ಹಾಸು ಇನ್ನೂ ಒಳ್ಳೆಯದು. ಮೇಲೆ ಫ್ಯಾನ್ ತಿರುಗಬಾರದು, ಎಸಿ ಗಾಳಿ ನೇರ ಬೀಳಬಾರದು, ಕಿಟಕಿಯ ಬಿಸಿಲು ತಾಗಬಾರದು.

2. ಮಟ್ಟ. ತಕ್ಕಡಿಯ ರಸಮಟ್ಟದ ಗುಳ್ಳೆ ವೃತ್ತದ ನಡುವೆ ನಿಲ್ಲುವಂತೆ ಕಾಲಿನ ತಿರುಪುಗಳನ್ನು ತಿರುಗಿಸಿ. ವಾಲಿದ ತಕ್ಕಡಿ ಯಾವಾಗಲೂ ಕಡಿಮೆ ತೋರಿಸುತ್ತದೆ, ಏಕೆಂದರೆ ತೂಕದ ಒಂದಂಶ ಪಕ್ಕಕ್ಕೆ ಜಾರಿರುತ್ತದೆ.

3. ಕಾಯಿಸುವುದು. ವಿದ್ಯುತ್ ಕೊಟ್ಟು ಕನಿಷ್ಠ 30 ನಿಮಿಷ ಬಿಡಿ. ಒಳಗಿನ ಸಂವೇದಕ ಬೆಚ್ಚಗಾಗುವವರೆಗೆ ಸೊನ್ನೆ ನಿಲ್ಲುವುದಿಲ್ಲ, ತೆವಳುತ್ತಿರುತ್ತದೆ.

4. ಬಟ್ಟು ಇಟ್ಟು ಸರಿಪಡಿಸುವುದು. ಬಟ್ಟನ್ನು ಚಿಮಟದಿಂದಲೇ ಎತ್ತಿ. ಬೆರಳಿನ ಜಿಡ್ಡು ಅದರ ತೂಕಕ್ಕೆ ಸೇರಿಕೊಳ್ಳುತ್ತದೆ. ತಕ್ಕಡಿಯನ್ನು ಒಂದೂರಿಂದ ಇನ್ನೊಂದೂರಿಗೆ ಒಯ್ದರೆ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಡಿಜಿಟಲ್ ತಕ್ಕಡಿ ಅಳೆಯುವುದು ಬಲವನ್ನು. ಗುರುತ್ವ ಎಲ್ಲೆಡೆ ಸಮವಿಲ್ಲ. ಸಮಭಾಜಕ ವೃತ್ತದಲ್ಲಿ ಅದು ಸೆಕೆಂಡ್ ವರ್ಗಕ್ಕೆ 9.780 ಮೀಟರ್, ಧ್ರುವದಲ್ಲಿ 9.832. ಧ್ರುವದಲ್ಲಿ ಸರಿಪಡಿಸಿದ ತಕ್ಕಡಿಯನ್ನು ಸಮಭಾಜಕಕ್ಕೆ ತಂದು ಹಾಗೇ ಬಳಸಿದರೆ 100 ಗ್ರಾಂಗೆ ಅರ್ಧ ಗ್ರಾಂಗೂ ಮಿಕ್ಕಿ ಏರುಪೇರು. ಎರಡು ತಟ್ಟೆಯ ಹಳೆಯ ತಕ್ಕಡಿಗೆ ಈ ಕಾಟವಿಲ್ಲ. ಬಟ್ಟಿಗೂ ಚಿನ್ನಕ್ಕೂ ಒಂದೇ ಗುರುತ್ವ.

5. ನಾಲ್ಕು ಮೂಲೆ. ತಕ್ಕಡಿಯ ಸಾಮರ್ಥ್ಯದ ಮೂರನೇ ಒಂದರಷ್ಟು ಬಟ್ಟನ್ನು ತಟ್ಟೆಯ ನಡುವೆ, ನಂತರ ನಾಲ್ಕು ಮೂಲೆಯಲ್ಲಿ ಇಟ್ಟು ನೋಡಿ. ಅಂಕಿ ಬದಲಾದರೆ ವಸ್ತುವನ್ನು ಎಲ್ಲಿಟ್ಟಿರಿ ಎನ್ನುವುದರ ಮೇಲೆ ತೂಕ ನಿಂತಿದೆ ಎಂದಾಯಿತು. ರಿಪೇರಿ ಆಗುವವರೆಗೆ ಅದನ್ನು ನೆಚ್ಚಬೇಡಿ.

6. ವಸ್ತುವನ್ನು ತಯಾರು ಮಾಡುವುದು. ಸರದ ಕೊಂಡಿಗಳ ನಡುವೆ ಕೂತ ಕೊಳೆ, ಸೋಪಿನ ಪದರ, ತೇವ ಎಲ್ಲವೂ ತೂಗುತ್ತವೆ. ತೊಳೆದು ಪೂರ್ತಿ ಒಣಗಿಸಿ, ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಬಿಸಿ ವಸ್ತುವಿನ ಸುತ್ತ ಗಾಳಿ ಮೇಲೇಳುವುದರಿಂದ ಅದು ಹಗುರವಾಗಿ ಕಾಣುತ್ತದೆ; ತಣ್ಣನೆಯದರ ಮೇಲೆ ಹನಿ ಕಟ್ಟಿ ಭಾರವಾಗುತ್ತದೆ.

7. ತೂಕ. ತಟ್ಟೆ ಅಥವಾ ಬಟ್ಟಲು ಇಟ್ಟು ಸೊನ್ನೆ ಮಾಡಿ, ವಸ್ತುವನ್ನು ನಡುವೆ ಇಟ್ಟು, ಗಾಳಿಮರೆ ಮುಚ್ಚಿ, ಸ್ಥಿರತೆಯ ಗುರುತು ಬರುವವರೆಗೆ ಕಾಯಿರಿ. ತೆಗೆದ ಮೇಲೆ ಪರದೆ ಸೊನ್ನೆಗೆ ಮರಳಬೇಕು. ಮರಳದಿದ್ದರೆ ಆ ಅಂಕಿಯನ್ನು ಕೈಬಿಡಿ. ಮೂರು ಸಲ ತೂಗಿ ಸರಾಸರಿ ಬರೆಯಿರಿ.

ಪ್ಲಾಸ್ಟಿಕ್ ಬಟ್ಟಲು ಒಣ ಹವೆಯಲ್ಲಿ ಸ್ಥಾಯಿ ವಿದ್ಯುತ್ ಹಿಡಿದು ಅಂಕಿಯನ್ನು ಕುಣಿಸುತ್ತದೆ. ಲೋಹದ ಬಟ್ಟಲು ಬಳಸಿ. ಚಿನ್ನದ ಪುಡಿ ತೂಗುವವರಿಗೆ ಇನ್ನೊಂದು ಬಲೆ ಇದೆ. ಹೆಚ್ಚಿನ ತಕ್ಕಡಿಗಳಿಗೆ ಸೊನ್ನೆಯನ್ನು ತಾವೇ ಹಿಂಬಾಲಿಸಿ ಹಿಡಿಯುವ ಗುಣ. ತಟ್ಟೆಯ ಮೇಲೆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ನಿಧಾನ ಉದುರಿಸಿದರೆ, ತಕ್ಕಡಿ ಅದನ್ನು ಸೊನ್ನೆಯ ತೆವಳಾಟ ಎಂದುಕೊಂಡು ನುಂಗಿಬಿಡುತ್ತದೆ. ಬಟ್ಟಲನ್ನು ಹೊರಗೆ ತೆಗೆದು, ಅಲ್ಲೇ ಪುಡಿ ಹಾಕಿ, ಒಟ್ಟಿಗೆ ಇಡಿ. ಇಪ್ಪತ್ತು ಚೂರುಗಳಿದ್ದರೆ ಬಿಡಿಬಿಡಿಯಾಗಿ ತೂಗಿ ಕೂಡಬೇಡಿ, ಒಂದೊಂದರಲ್ಲೂ 0.005 ಗ್ರಾಂ ಅತ್ತಿತ್ತ ಆದರೂ ಒಟ್ಟಿನಲ್ಲಿ 0.1 ಗ್ರಾಂವರೆಗೆ ತಪ್ಪಬಹುದು.

ಎರಡು ತಟ್ಟೆಯ ತಕ್ಕಡಿಯಲ್ಲಿ ತೋಳುಗಳ ಉದ್ದ ಕೂದಲೆಳೆಯಷ್ಟು ಬೇರೆಯಾದರೂ ತೂಕ ಕೆಡುತ್ತದೆ. ಚಿನ್ನವನ್ನು ಎಡತಟ್ಟೆಯಲ್ಲಿಟ್ಟು ಒಮ್ಮೆ, ಬಲತಟ್ಟೆಯಲ್ಲಿಟ್ಟು ಒಮ್ಮೆ ತೂಗಿ. 10.00 ಮತ್ತು 10.04 ಬಂದರೆ ನಿಜ ತೂಕ 10.02. ಕಟ್ಟುನಿಟ್ಟಾಗಿ ಎರಡರ ಗುಣಲಬ್ಧದ ವರ್ಗಮೂಲ ಹಿಡಿಯಬೇಕು, ಅಂತರ ಸಣ್ಣದಿದ್ದರೆ ಸರಾಸರಿಯೂ ಅಷ್ಟೇ ಬರುತ್ತದೆ.

ಕುತೂಹಲಕ್ಕೆ ಒಂದು ಮಾತು: ಗಾಳಿಯೂ ವಸ್ತುವನ್ನು ಮೇಲಕ್ಕೆ ತೇಲಿಸುತ್ತದೆ. ಉಕ್ಕಿನ ಬಟ್ಟಿಗಿಂತ ಚಿನ್ನ ಕಡಿಮೆ ಜಾಗ ಹಿಡಿಯುವುದರಿಂದ ಅದಕ್ಕೆ ಈ ತೇಲಿಕೆ ಕಡಿಮೆ, ಹಾಗಾಗಿ ಒಂದು ಕಿಲೋ ಗಟ್ಟಿ ತನ್ನ ನಿಜ ದ್ರವ್ಯರಾಶಿಗಿಂತ ಸುಮಾರು 88 ಮಿಲಿಗ್ರಾಂ ಹೆಚ್ಚು ತೋರಿಸುತ್ತದೆ. ವ್ಯಾಪಾರದಲ್ಲಿ ಎಲ್ಲರೂ ಗಾಳಿಯಲ್ಲೇ ತೂಗುವುದರಿಂದ ಇದನ್ನು ಯಾರೂ ಕಳೆಯುವುದಿಲ್ಲ.

ನೀರಿನಲ್ಲಿ ತೂಗುವುದು

ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.32 ಗ್ರಾಂ. ಬೆಳ್ಳಿ 10.49, ತಾಮ್ರ 8.96, ಸೀಸ 11.34. ಬೆರಕೆ ಹೆಚ್ಚಿದಂತೆ ಸಾಂದ್ರತೆ ಇಳಿಯುತ್ತದೆ. ಹರಳಿಲ್ಲದ, ಪೊಳ್ಳಲ್ಲದ ವಸ್ತುವನ್ನು ಗೀರದೆ, ಸುಡದೆ ಪರೀಕ್ಷಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮೊದಲು ಒಣ ತೂಕ ಬರೆದುಕೊಳ್ಳಿ. ಒಂದು ಗಾಜಿನ ಲೋಟದಲ್ಲಿ ಕುದಿಸಿ ಆರಿಸಿದ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕುದಿಸುವುದು ಏಕೆಂದರೆ ನೀರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಒಡವೆಗೆ ಅಂಟಿಕೊಳ್ಳುತ್ತದೆ; ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಇನ್ನೂ ಒಳ್ಳೆಯದು. ವಸ್ತುವನ್ನು ತೆಳುವಾದ ನೈಲಾನ್ ದಾರಕ್ಕೆ ಕಟ್ಟಿ, ಕೈಯಲ್ಲಿ ಹಿಡಿಯದೆ ಒಂದು ಕಂಬಿಗೆ ತೂಗುಹಾಕಿ, ಪೂರ್ತಿ ಮುಳುಗುವಂತೆ ಇಳಿಸಿ. ತಳಕ್ಕೋ ಗೋಡೆಗೋ ತಾಗಬಾರದು. ಈಗ ಪರದೆಯ ಅಂಕಿ ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿ, ನೀರಿನ ಸಾಂದ್ರತೆಯಿಂದ ಗುಣಿಸಿ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 0.998, 25ರಲ್ಲಿ 0.997, 30ರಲ್ಲಿ 0.996.

50.00 ಗ್ರಾಂ ಬಳೆ 25 ಡಿಗ್ರಿಯಲ್ಲಿ 2.80 ತೋರಿಸಿದರೆ ಸಾಂದ್ರತೆ 17.80. 22 ಕ್ಯಾರೆಟ್‌ನಲ್ಲಿ ಬೆರಕೆ ಪೂರ್ತಿ ತಾಮ್ರವಾದರೆ 17.6, ಪೂರ್ತಿ ಬೆಳ್ಳಿಯಾದರೆ 18.1, ಬಳೆ ಇವೆರಡರ ನಡುವೆ ಬಿದ್ದಿದೆ. 18 ಕ್ಯಾರೆಟ್‌ಗೆ 15.0ರಿಂದ 16.0, 14ಕ್ಕೆ 13.0ರಿಂದ 14.3.

ಈ ಪರೀಕ್ಷೆ ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಬೇಕು. 2 ಗ್ರಾಂ ಉಂಗುರ ಸರಿಸುವ ನೀರು 0.11 ಗ್ರಾಂ ಮಾತ್ರ. ಕೊನೆಯ ಅಂಕಿ ಒಂದು ಅತ್ತಿತ್ತ ಆದರೆ ಸಾಂದ್ರತೆ 16.6ರಿಂದ 19.9ರವರೆಗೆ ಓಡಾಡುತ್ತದೆ. ಅದಕ್ಕೆ 0.001 ಗ್ರಾಂ ತಕ್ಕಡಿಯೇ ಬೇಕು. ಬೆರಕೆ ಯಾವುದೆಂದು ಗೊತ್ತಿಲ್ಲದಿದ್ದರೆ ಕ್ಯಾರೆಟ್ ಖಚಿತವಾಗುವುದಿಲ್ಲ: ಬೆಳ್ಳಿ ಬೆರೆಸಿದ 20 ಕ್ಯಾರೆಟ್ ಮತ್ತು ತಾಮ್ರ ಬೆರೆಸಿದ 21 ಕ್ಯಾರೆಟ್ ಎರಡೂ 16.9ರ ಆಸುಪಾಸಿನಲ್ಲೇ ಇರುತ್ತವೆ. ಪೊಳ್ಳು ಗುಂಡಿನೊಳಗಿನ ಗಾಳಿ ಒಳ್ಳೆಯ ಚಿನ್ನವನ್ನೂ ಕೆಟ್ಟದೆಂದು ತೋರಿಸುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಟಂಗ್‌ಸ್ಟನ್. ಅದರ ಸಾಂದ್ರತೆ 19.25. 100 ಗ್ರಾಂ ಅಪರಂಜಿ ಸರಿಸುವ ನೀರಿಗೂ 100 ಗ್ರಾಂ ಟಂಗ್‌ಸ್ಟನ್ ಸರಿಸುವ ನೀರಿಗೂ ಅಂತರ ಬರೀ 0.02 ಗ್ರಾಂ, ಅದೂ ಪೂರ್ತಿ ಟಂಗ್‌ಸ್ಟನ್ ಆಗಿದ್ದರೆ. ಗಟ್ಟಿಯೊಳಗೆ ಟಂಗ್‌ಸ್ಟನ್ ಹುದುಗಿದೆಯೇ ಎಂದು ನೋಡಲು ಶ್ರವಣಾತೀತ ಶಬ್ದದ ಉಪಕರಣವೇ ಬೇಕು. ಶಬ್ದ ಚಿನ್ನದಲ್ಲಿ ಸೆಕೆಂಡಿಗೆ ಸುಮಾರು 3,240 ಮೀಟರ್ ಹೋದರೆ ಟಂಗ್‌ಸ್ಟನ್‌ನಲ್ಲಿ ಸುಮಾರು 5,200.

ಒರೆಗಲ್ಲು, ಎಕ್ಸ್-ರೇ, ಪುಟ

ಒರೆಗಲ್ಲಿನ ಮೇಲೆ ಒಡವೆಯನ್ನೂ ಶುದ್ಧತೆ ಗೊತ್ತಿರುವ ಸೂಜಿಯನ್ನೂ ಪಕ್ಕಪಕ್ಕ ಉಜ್ಜಿ, ಎರಡು ಗೀಟಿಗೂ ಆಮ್ಲ ಸವರಿ, ಯಾವುದು ಬೇಗ ಮಾಸುತ್ತದೆ ಎಂದು ನೋಡುವುದು ಹಳೆಯ ಕ್ರಮ. ಪಳಗಿದ ಕಣ್ಣಿಗೆ ಅದು ಸಾಕಷ್ಟು ಹೇಳುತ್ತದೆ, ಆದರೆ ಮೇಲ್ಪದರದ ಬಗ್ಗೆ ಮಾತ್ರ. ಎಕ್ಸ್-ರೇ ಯಂತ್ರ ಅರ್ಧ ನಿಮಿಷದಲ್ಲಿ ಚಿನ್ನ, ಬೆಳ್ಳಿ, ತಾಮ್ರದ ಪಾಲನ್ನು ಅಂಕಿಯಲ್ಲಿ ಕೊಡುತ್ತದೆ. ಆದರೆ ಅದೂ ಕೆಲವು ಮೈಕ್ರಾನ್ ಆಳಕ್ಕಷ್ಟೇ ಇಳಿಯುತ್ತದೆ. ದಪ್ಪ ಲೇಪವಿದ್ದರೆ ಮೋಸಹೋಗುತ್ತದೆ. ಒಂದೇ ಜಾಗ ನೋಡಿ ಬಿಡಬೇಡಿ, ಮೂರು ಕಡೆ ಹಿಡಿಸಿ. ಬೆಸುಗೆಯ ಜಾಗವನ್ನು ಬೇರೆಯಾಗಿ ನೋಡಿ.

ಕೊನೆಯ ಮಾತು ಬೆಂಕಿಯದು. ಸುಮಾರು 250 ಮಿಲಿಗ್ರಾಂ ಚೂರನ್ನು ಸೂಕ್ಷ್ಮವಾಗಿ ತೂಗಿ, ಅದರಲ್ಲಿರುವ ಚಿನ್ನದ ಎರಡೂವರೆಪಟ್ಟು ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಮಯ ಮೂಸೆಯಲ್ಲಿಟ್ಟು 1,000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಸೀಸ ಆಕ್ಸೈಡ್ ಆಗಿ ತಾಮ್ರವನ್ನೂ ಎಳೆದುಕೊಂಡು ಮೂಸೆಯೊಳಗೆ ಇಂಗುತ್ತದೆ. ಚಿನ್ನ ಬೆಳ್ಳಿಯ ಗುಂಡು ಉಳಿಯುತ್ತದೆ. ಅದನ್ನು ತಟ್ಟಿ ಸುರುಳಿ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಚಿನ್ನ ಮಾತ್ರ ಉಳಿಯುತ್ತದೆ. ಬೆಳ್ಳಿ ಕಡಿಮೆಯಾದರೆ ಆಮ್ಲ ಒಳಗಿಳಿಯದು, ಹೆಚ್ಚಾದರೆ ಸುರುಳಿ ಪುಡಿಯಾಗುತ್ತದೆ. 250.00 ಮಿಲಿಗ್ರಾಂನಲ್ಲಿ 229.15 ಉಳಿದರೆ ಶುದ್ಧತೆ 916.6. ಸೀಸದ ಹೊಗೆ, ಆಮ್ಲದ ಆವಿ ಎರಡೂ ವಿಷ. ಇದು ಪ್ರಯೋಗಾಲಯದ ಕೆಲಸ, ಮನೆಯದಲ್ಲ.

ಕಳೆಯುವ ಲೆಕ್ಕ

ಒಂದು ನೆಕ್ಲೇಸ್ 48.62 ಗ್ರಾಂ ತೂಗುತ್ತದೆ, ಮುದ್ರೆ 916. ಹರಳುಗಳು ಒಟ್ಟು 11.30 ಕ್ಯಾರೆಟ್, ಅಂದರೆ 2.26 ಗ್ರಾಂ. ಒಳಗೆ ತುಂಬಿದ ಅರಗು 1.20 ಗ್ರಾಂ. ಇವೆರಡನ್ನೂ ಕಳೆದರೆ ಲೋಹ 45.16 ಗ್ರಾಂ; ಅದನ್ನು 0.916ರಿಂದ ಗುಣಿಸಿದರೆ ಚೊಕ್ಕ ಚಿನ್ನ 41.37 ಗ್ರಾಂ. ಕಳೆಯದೆ ಗುಣಿಸಿದ್ದರೆ 44.54 ಬರುತ್ತಿತ್ತು, 3.17 ಗ್ರಾಂ ಹೆಚ್ಚು. 0.01 ಗ್ರಾಂ ತಕ್ಕಡಿಯ ಹೆಜ್ಜೆಗಿಂತ ಈ ತಪ್ಪು ಮುನ್ನೂರು ಪಟ್ಟು ದೊಡ್ಡದು.

ಹರಳು ಬಿಚ್ಚಿ ತೂಗಲು ಆಗದಿದ್ದರೆ, ಒಡವೆ ಮಾಡಿದಾಗ ಕೊಟ್ಟ ಚೀಟಿಯಲ್ಲಿ ಒಟ್ಟು ತೂಕ, ಹರಳಿನ ತೂಕ, ಲೋಹದ ತೂಕ ಬೇರೆಬೇರೆ ಇದೆಯೇ ನೋಡಿ. ಹೊಸದಾಗಿ ಚೀಟಿ ಬರೆಯುವಾಗಲೂ ಈ ಮೂರನ್ನೂ, ಜೊತೆಗೆ ಶುದ್ಧತೆ ಮತ್ತು ಅದನ್ನು ಕಂಡುಕೊಂಡ ಕ್ರಮವನ್ನೂ ಬರೆಯಿರಿ. ಪ್ರತಿ ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರು ಇರಲಿ. ದಶಮಾಂಶವನ್ನು ನಡುನಡುವೆ ಕತ್ತರಿಸದೆ, ಗುಣಾಕಾರ ಮುಗಿದ ಮೇಲೆ ಒಮ್ಮೆ ಮಾತ್ರ ಸರಿಸಿ.